ಟಿಪ್ಪಣಿ, ಸ್ಲೈಡ್ ಹಂಚಲು ಪಿಡಿಎಫ್ ಒಂದೇ ಸಾಕೇ? ಎಲ್ಲರಿಗೂ ಓದಲು ಬರುವ ಫಾರ್ಮ್ಯಾಟ್ ಯಾವುದು?

ಪಾಠಪಟ್ಟಿ

ತರಬೇತಿಯೊಂದಕ್ಕೆ 40 ಪುಟದ ಕನ್ನಡ ಟಿಪ್ಪಣಿ ಮತ್ತು 35 ಸ್ಲೈಡುಗಳ ಪ್ರೆಸೆಂಟೇಶನ್ ಹಂಚಬೇಕಿದೆ. ಓದುವವರಲ್ಲಿ ಸ್ಕ್ರೀನ್ ರೀಡರ್ (ಪರದೆಯ ಪಠ್ಯ ಓದಿಹೇಳುವ ತಂತ್ರಾಂಶ) ಬಳಸುವವರೂ ಇದ್ದಾರೆ, ಅಕ್ಷರ ದೊಡ್ಡದು ಮಾಡಿಕೊಂಡು ಓದುವವರೂ ಇದ್ದಾರೆ. ಹೆಚ್ಚಿನವರು ತೆರೆಯುವುದು ಫೋನಿನಲ್ಲಿ. ಎರಡನ್ನೂ ಪಿಡಿಎಫ್ ಮಾಡಿ ಕಳಿಸಿಬಿಡಿ ಅನ್ನುವವರಿದ್ದಾರೆ, ಪಿಡಿಎಫ್ ಮಾತ್ರ ಬೇಡ ಅನ್ನುವವರೂ ಇದ್ದಾರೆ. ಟಿಪ್ಪಣಿಯಲ್ಲಿ ಆರೇಳು ಕೋಷ್ಟಕ, ಹತ್ತು ಚಿತ್ರ ಇವೆ. ಯಾವ ಫಾರ್ಮ್ಯಾಟ್ ಆರಿಸಿಕೊಳ್ಳಲಿ? ಕಳಿಸುವ ಮುಂಚೆ ಏನೇನು ನೋಡಿಕೊಳ್ಳಬೇಕು?

ಬಿಳಿಕೋಲು

ಫಾರ್ಮ್ಯಾಟಿಗಿಂತ ಮೊದಲು ಮೂಲ ಫೈಲನ್ನು ನೋಡಿ. ವರ್ಡ್ ಫೈಲಿನಲ್ಲಿ ಶೀರ್ಷಿಕೆಗಳನ್ನು ಬರೀ ದಪ್ಪಕ್ಷರ ಮಾಡಿ ಗಾತ್ರ 16ಕ್ಕೆ ಏರಿಸಿದ್ದರೆ ಅದು ಕಣ್ಣಿಗೆ ಶೀರ್ಷಿಕೆ, ಸ್ಕ್ರೀನ್ ರೀಡರಿಗೆ ಮಾಮೂಲಿ ಪ್ಯಾರಾ. ಆ ಫೈಲನ್ನು ಪಿಡಿಎಫ್ ಮಾಡಿದರೂ ಅಷ್ಟೇ, ಇಪಬ್ (ಇ-ಪುಸ್ತಕ) ಮಾಡಿದರೂ ಅಷ್ಟೇ, ಎಚ್‌ಟಿಎಂಎಲ್ (ವೆಬ್ ಪುಟ) ಮಾಡಿದರೂ ಅಷ್ಟೇ. 'ಹೆಡಿಂಗ್ 1', 'ಹೆಡಿಂಗ್ 2' ಸ್ಟೈಲುಗಳನ್ನೇ ಹಾಕಿ. ವರ್ಡ್‌ನಲ್ಲಿ ಕಂಟ್ರೋಲ್ + ಆಲ್ಟ್ + 1 ಒತ್ತಿದರೆ ಹೆಡಿಂಗ್ 1 ಬರುತ್ತದೆ, 2 ಒತ್ತಿದರೆ ಹೆಡಿಂಗ್ 2. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬಳಸುವವರು ಬ್ರೌಸ್ ಮೋಡಿನಲ್ಲಿ (ಟೈಪ್ ಮಾಡದೆ ಬರೀ ಓದುವ ಸ್ಥಿತಿ) ಎಚ್ ಕೀಲಿ ಒತ್ತುತ್ತಾ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಾರುತ್ತಾರೆ. ಸ್ಟೈಲ್ ಇಲ್ಲದ 40 ಪುಟವನ್ನು ಮೊದಲ ಸಾಲಿನಿಂದ ಕೇಳಿಕೊಂಡೇ ಹೋಗಬೇಕು, ಬೇರೆ ದಾರಿಯಿಲ್ಲ.

ಖಾಲಿ ಜಾಗಕ್ಕೆ ಎಂಟರ್ ಮೇಲೆ ಎಂಟರ್ ಒತ್ತಬೇಡಿ, ಪ್ರತಿ ಖಾಲಿ ಸಾಲಿಗೂ 'ಬ್ಲ್ಯಾಂಕ್' ಎಂದು ಕೇಳುತ್ತದೆ. ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ಹಿಂದೆ ಮುಂದೆ ಅಂತರ ಕೊಡಿ, ಹೊಸ ಪುಟಕ್ಕೆ ಪೇಜ್ ಬ್ರೇಕ್ ಹಾಕಿ. ಎರಡು ಅಂಕಣ ಬೇಕಿದ್ದರೆ ಕಾಲಮ್ಸ್ ಸೌಲಭ್ಯವಿದೆ. ಟ್ಯಾಬ್ ಒತ್ತಿ ಅಕ್ಕಪಕ್ಕ ಕೂರಿಸಿದರೆ ಎಡ ಅಂಕಣದ ಒಂದು ಸಾಲು, ಬಲ ಅಂಕಣದ ಒಂದು ಸಾಲು ಬೆರೆತು ಓದಿಕೊಳ್ಳುತ್ತದೆ. ಚಿತ್ರಗಳಿಗೆ 'ಇನ್ ಲೈನ್ ವಿತ್ ಟೆಕ್ಸ್ಟ್' ಆಯ್ಕೆ ಮಾಡಿ. ತೇಲುವ ಟೆಕ್ಸ್ಟ್ ಬಾಕ್ಸಿನ ಮಾತು ಎಲ್ಲಿ ಓದಬೇಕೋ ಅಲ್ಲಿ ಬರುವುದಿಲ್ಲ, ಕೆಲವೊಮ್ಮೆ ಪೂರಾ ತಪ್ಪಿಹೋಗುತ್ತದೆ. ಮುಖ್ಯ ಸೂಚನೆಯನ್ನು ಹೆಡರ್, ಫೂಟರಿನಲ್ಲಿ ಇಡಬೇಡಿ. ಅವನ್ನು ಸ್ಕ್ರೀನ್ ರೀಡರ್ ತಾನಾಗಿ ಓದುವುದಿಲ್ಲ.

ಕೋಷ್ಟಕದಲ್ಲಿ ಮೊದಲ ಸಾಲನ್ನು 'ರಿಪೀಟ್ ಹೆಡರ್ ರೋಸ್' ಎಂದು ಗುರುತು ಮಾಡಿ, ಸೆಲ್‌ಗಳನ್ನು ಒಂದಕ್ಕೊಂದು ಕೂಡಿಸಬೇಡಿ. ಕೂಡಿಸಿದ ಸೆಲ್ ಬಂದ ತಕ್ಷಣ ಯಾವ ಅಂಕಿ ಯಾವ ಕಾಲಮಿನದು ಎಂಬ ಲೆಕ್ಕ ತಪ್ಪುತ್ತದೆ. ಎರಡು ಹಂತದ ತಲೆಬರಹ ಇರುವ ದೊಡ್ಡ ಕೋಷ್ಟಕವನ್ನು ಎರಡು ಸಣ್ಣ ಕೋಷ್ಟಕ ಮಾಡುವುದು ಎಲ್ಲರಿಗೂ ಒಳ್ಳೆಯದು.

ಇಷ್ಟು ಆದಮೇಲೆ ಫಾರ್ಮ್ಯಾಟ್. ನನ್ನ ಶಿಫಾರಸು: ಟಿಪ್ಪಣಿಗೆ ಡಾಕ್ಸ್‌ಎಕ್ಸ್ (ವರ್ಡ್ ಫೈಲ್) ಮುಖ್ಯ ಪ್ರತಿ, ಜೊತೆಗೆ ಇಪಬ್ ಅಥವಾ ಎಚ್‌ಟಿಎಂಎಲ್. ಅಚ್ಚು ಹಾಕಿಕೊಳ್ಳುವವರಿಗೆ ಪಿಡಿಎಫ್. ಸ್ಲೈಡಿಗೆ ಪಿಪಿಟಿಎಕ್ಸ್ (ಪವರ್‌ಪಾಯಿಂಟ್ ಫೈಲ್) ಅನ್ನೇ ಕೊಡಿ.

ಅಚ್ಚುಮೊಳೆ

ಪಿಡಿಎಫ್ ಅನ್ನು ಹೀಗೆ ಮೂರನೆಯ ಸಾಲಿಗೆ ತಳ್ಳುವುದು ನನಗೆ ಒಪ್ಪಿಗೆಯಿಲ್ಲ. ಯಾವ ಯಂತ್ರದಲ್ಲಿ ತೆರೆದರೂ ಪುಟ ಸಂಖ್ಯೆ, ಸಾಲು, ಫಾಂಟ್ ಅಲುಗದೆ ನಿಲ್ಲುವುದು ಅದರಲ್ಲಿ ಮಾತ್ರ. 'ಪುಟ 17ರ ಎರಡನೆಯ ಕೋಷ್ಟಕ ನೋಡಿ' ಎಂದರೆ ಎಲ್ಲರೂ ಅದನ್ನೇ ನೋಡುತ್ತಾರೆ. ಸುಗಮ ಓದಿಗೆಂದೇ ಪಿಡಿಎಫ್/ಯುಎ ಎಂಬ ಐಎಸ್‌ಒ ಮಾನಕ 14289 ಇದೆ. ಮೊದಲ ಭಾಗ ಬಂದದ್ದು 2012ರಲ್ಲಿ, ಎರಡನೆಯದು 2024ರಲ್ಲಿ. ತೊಂದರೆ ಇರುವುದು ಟ್ಯಾಗ್ (ಇದು ಶೀರ್ಷಿಕೆ, ಇದು ಪಟ್ಟಿ ಎಂದು ಹೇಳುವ ಒಳಗುರುತು) ಇಲ್ಲದ ಪಿಡಿಎಫ್‌ನಲ್ಲಿ, ಅದನ್ನು ತಯಾರಿಸುವ ದಾರಿಯಲ್ಲಿ.

'ಪ್ರಿಂಟ್ ಟು ಪಿಡಿಎಫ್' ಒತ್ತಬೇಡಿ. ಪ್ರಿಂಟರಿಗೆ ಹೋಗುವುದು ಚುಕ್ಕಿ ಗೆರೆಗಳಷ್ಟೇ, ಶೀರ್ಷಿಕೆ, ಪಟ್ಟಿ, ಕೋಷ್ಟಕ, ಆಲ್ಟ್ ಟೆಕ್ಸ್ಟ್ (ಚಿತ್ರಕ್ಕೆ ಬದಲಾಗಿ ಓದಿಸುವ ವಿವರಣೆ) ಎಲ್ಲ ಅಲ್ಲೇ ಉದುರುತ್ತವೆ. ವಿಂಡೋಸ್ ವರ್ಡ್‌ನಲ್ಲಿ ಫೈಲ್ → ಸೇವ್ ಆ್ಯಸ್ → ಪಿಡಿಎಫ್ → ಆಪ್ಶನ್ಸ್ ತೆರೆದು ಎರಡು ಗುರುತು ನೋಡಿ. 'ಡಾಕ್ಯುಮೆಂಟ್ ಸ್ಟ್ರಕ್ಚರ್ ಟ್ಯಾಗ್ಸ್ ಫಾರ್ ಆಕ್ಸೆಸಿಬಿಲಿಟಿ' ಇರಲೇಬೇಕು. 'ಬಿಟ್‌ಮ್ಯಾಪ್ ಟೆಕ್ಸ್ಟ್ ವೆನ್ ಫಾಂಟ್ಸ್ ಮೇ ನಾಟ್ ಬಿ ಎಂಬೆಡೆಡ್' ತೆಗೆದಿರಬೇಕು. ಅದು ಇದ್ದು, ಫಾಂಟಿಗೆ ಎಂಬೆಡ್ (ಫೈಲಿನೊಳಗೇ ಸೇರಿಸುವ) ಅನುಮತಿ ಇಲ್ಲದಿದ್ದರೆ ಅಕ್ಷರಗಳು ಚಿತ್ರವಾಗಿಬಿಡುತ್ತವೆ. ಮ್ಯಾಕ್‌ನ ವರ್ಡ್‌ನಲ್ಲಿ ಪಿಡಿಎಫ್ ಆರಿಸಿದಾಗ ಕೆಳಗೆ ಎರಡು ಆಯ್ಕೆ ಬರುತ್ತವೆ. 'ಬೆಸ್ಟ್ ಫಾರ್ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಶನ್ ಆ್ಯಂಡ್ ಆಕ್ಸೆಸಿಬಿಲಿಟಿ' ಅನ್ನುವುದನ್ನು ಒತ್ತಿ. ಲಿಬ್ರೆಆಫೀಸ್ 7.0ರಿಂದ ಮುಂದಕ್ಕೆ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಪಿಡಿಎಫ್/ಯುಎ ಆಯ್ಕೆಯೇ ಇದೆ.

ಆದಮೇಲೆ ಅಕ್ರೋಬ್ಯಾಟ್ ರೀಡರಿನಲ್ಲಿ ಕಂಟ್ರೋಲ್ + ಡಿ ಒತ್ತಿ. 'ಟ್ಯಾಗ್ಡ್ ಪಿಡಿಎಫ್' ಎದುರು 'ಯೆಸ್' ಇರಬೇಕು. ಟೈಟಲ್ ಜಾಗದಲ್ಲಿ 'ಡಾಕ್ಯುಮೆಂಟ್ 1' ಎಂದಿದ್ದರೆ ವರ್ಡ್ ಫೈಲಿನ ಪ್ರಾಪರ್ಟೀಸ್‌ಗೆ ಹೋಗಿ ನಿಜವಾದ ಹೆಸರು ಬರೆದು ಮತ್ತೆ ಪಿಡಿಎಫ್ ತೆಗೆಯಿರಿ. ಪೂರ್ಣ ತಪಾಸಣೆಗೆ ವಿಂಡೋಸ್‌ನಲ್ಲಿ ಪಿಎಸಿ ಎಂಬ ಉಚಿತ ತಂತ್ರಾಂಶವಿದೆ. ಅದು 'ಪಾಸ್' ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪಿಡಿಎಫ್/ಯುಎ ಪರೀಕ್ಷೆಗೆ ಬಳಸುವ ಮ್ಯಾಟರ್‌ಹಾರ್ನ್ ಪ್ರೋಟೋಕಾಲಿನಲ್ಲಿ 136 ಬಗೆಯ ದೋಷಗಳ ಪಟ್ಟಿಯಿದೆ, ಅದರಲ್ಲಿ 47ನ್ನು ಮನುಷ್ಯರೇ ನೋಡಿ ತೀರ್ಮಾನಿಸಬೇಕು. ಆಲ್ಟ್ ಟೆಕ್ಸ್ಟ್ ಇದೆಯೇ ಎಂದು ಯಂತ್ರ ಹೇಳುತ್ತದೆ. ಅದು ಆ ಚಿತ್ರಕ್ಕೆ ಹೊಂದುತ್ತದೆಯೇ ಎಂದು ಹೇಳುವುದಿಲ್ಲ.

ಬಿಳಿಕೋಲು

ಅಚ್ಚುಮೊಳೆಯವರು ಹೇಳಿದ ಕ್ರಮ ಸರಿಯಾಗಿದೆ. ಆದರೆ ಕನ್ನಡ ಪಿಡಿಎಫ್‌ಗೆ ಇನ್ನೊಂದು ಗಂಡಾಂತರವಿದೆ. ಟ್ಯಾಗ್ ಎಲ್ಲ ಸರಿಯಿದ್ದೂ ಅದು ಬರಬಹುದು.

ಪಿಡಿಎಫ್ ಉಳಿಸಿಕೊಳ್ಳುವುದು ಅಕ್ಷರದ ಆಕಾರಗಳನ್ನು, ಅವು ಪುಟದಲ್ಲಿ ಕಾಣುವ ಸಾಲಿನಲ್ಲಿ. ಯಾವ ಆಕಾರ ಯಾವ ಯೂನಿಕೋಡ್ (ಎಲ್ಲ ಭಾಷೆಗೂ ಒಂದೇ ಆದ ಅಕ್ಷರ ಸಂಕೇತ) ಅಕ್ಷರ ಎಂಬುದಕ್ಕೆ ಒಳಗೆ ಬೇರೆ ನಕ್ಷೆ ಇರುತ್ತದೆ. ಇಂಗ್ಲಿಷಿಗೆ ಇದು ಸಾಕು. ಕನ್ನಡದಲ್ಲಿ ಅರ್ಕಾವೊತ್ತು ಬಂದ ಕೂಡಲೇ ಗೋಳು. 'ಅರ್ಥ' ಎಂಬ ಪದ ಯೂನಿಕೋಡಿನಲ್ಲಿ ಅ, ರ, ಹಲಂತ, ಥ ಎಂಬ ಕ್ರಮದಲ್ಲಿರುತ್ತದೆ. ಪುಟದ ಮೇಲೆ ಮೊದಲು ಕಾಣುವುದು ಥ, ಅದರ ಬಲಕ್ಕೆ ಅರ್ಕಾವೊತ್ತು. ಪಿಡಿಎಫ್‌ನಿಂದ ಪಠ್ಯ ಹೊರತೆಗೆದರೆ ಅದು 'ಅಥರ್' ಆಗಿರಬಹುದು. 'ವರ್ಷ' ಹೋಗಿ 'ವಷರ್', 'ಕಾರ್ಯ' ಹೋಗಿ 'ಕಾಯರ್', 'ಕರ್ನಾಟಕ' ಹೋಗಿ 'ಕನಾರ್ಟಕ'. ಪುಟ ನೋಡುವವರಿಗೆ ಎಲ್ಲ ಸರಿಯಾಗೇ ಕಾಣುತ್ತದೆ. ಕೇಳುವವರ ಕಿವಿಗೆ ಬೀಳುವುದು 'ಅಥರ್'. ಫೈಲಿನೊಳಗೆ 'ಅರ್ಥ' ಎಂದು ಹುಡುಕಿದರೂ ಸಿಗುವುದಿಲ್ಲ. ಒತ್ತಕ್ಷರಗಳಿಗೆ ನಕ್ಷೆಯೇ ಇಲ್ಲದ ಫೈಲುಗಳಲ್ಲಿ ಅಕ್ಷರಗಳು ಮಾಯವಾಗುವುದೂ ಉಂಟು.

ಡಾಕ್ಸ್‌ಎಕ್ಸ್, ಎಚ್‌ಟಿಎಂಎಲ್, ಇಪಬ್ ಮೂರರಲ್ಲೂ ಪಠ್ಯ ಯೂನಿಕೋಡಾಗಿಯೇ ಉಳಿಯುತ್ತದೆ, ಆಕಾರ ಕೂಡುವುದು ಓದುವ ಯಂತ್ರದಲ್ಲಿ. ಕನ್ನಡಕ್ಕೆ ಪಿಡಿಎಫ್ ಮುಖ್ಯ ಪ್ರತಿ ಆಗಬಾರದು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಅಚ್ಚುಮೊಳೆ

ಇದನ್ನು ಅಲ್ಲಗಳೆಯುವಂತಿಲ್ಲ. ಪರಿಹಾರ ಪಿಡಿಎಫ್ ಮಾನಕದೊಳಗೇ ಇದೆ: ಆಕಾರಗಳ ಗುಂಪಿಗೆ 'ಆ್ಯಕ್ಚುವಲ್ ಟೆಕ್ಸ್ಟ್' ಎಂದು ಮೂಲ ಪಠ್ಯವನ್ನೇ ಅಂಟಿಸುವ ವ್ಯವಸ್ಥೆ. ಕೆಲವು ತಂತ್ರಾಂಶ ಬರೆಯುತ್ತವೆ, ಕೆಲವು ಬರೆಯುವುದಿಲ್ಲ. ಅದೇ ತಂತ್ರಾಂಶದಲ್ಲಿ ಫಾಂಟ್ ಬದಲಿಸಿದರೂ ಫಲಿತಾಂಶ ಬೇರೆಯಾಗಬಹುದು. ಆದ್ದರಿಂದ ಪಿಡಿಎಫ್ ಕೊಡುವುದಾದರೆ ಈ ಪರೀಕ್ಷೆ ಮಾಡಿಯೇ ಕೊಡಿ: ಅರ್ಕಾವೊತ್ತು, ಕ್ಷ, ಜ್ಞ, 'ಸ್ತ್ರೀ', 'ರಾಷ್ಟ್ರ' ಇಂಥವು ಇರುವ ಎರಡು ಪ್ಯಾರಾ ನಕಲು ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ. ಅಲ್ಲಿ ಸರಿಯಾಗಿ ಬಂದರೆ ಓದುವುದೂ ಬಹುಪಾಲು ಸರಿಯಿರುತ್ತದೆ. ಕೆಟ್ಟರೆ ಬೇರೆ ಫಾಂಟ್ ಹಾಕಿ ನೋಡಿ, ಲಿಬ್ರೆಆಫೀಸಿನಿಂದ ತೆಗೆದು ನೋಡಿ. ಆಗಲೂ ಕೆಟ್ಟರೆ ಆ ಪಿಡಿಎಫ್ ಅಚ್ಚಿಗೆ ಮಾತ್ರ ಎಂದು ಸ್ಪಷ್ಟವಾಗಿ ಬರೆದು ಡಾಕ್ಸ್‌ಎಕ್ಸ್ ಜೊತೆಗಿಡಿ.

ಪಿಡಿಎಫ್‌ಗೆ ಪಾಸ್‌ವರ್ಡ್ ಹಾಕಿ ನಕಲು ತಡೆಯುವವರು ಇನ್ನೊಂದು ಗಮನಿಸಿ. ಅಕ್ರೋಬ್ಯಾಟಿನಲ್ಲಿ ಪಾಸ್‌ವರ್ಡ್ ಹಾಕುವ ಕಿಟಕಿಯಲ್ಲೇ ಸ್ಕ್ರೀನ್ ರೀಡರಿಗೆ ಪಠ್ಯ ಸಿಗುವಂತೆ ಮಾಡುವ ಗುರುತು ಬೇರೆಯೇ ಇದೆ. ಅದನ್ನು ತೆಗೆದರೆ ಓದಬೇಕಾದವರನ್ನೇ ಹೊರಗಿಟ್ಟಂತೆ.

ಸ್ಲೈಡುಗಾರ್ತಿ

ಸ್ಲೈಡಿನ ಬಗ್ಗೆ ಹೇಳುತ್ತೇನೆ. ಇಲ್ಲಿ ಎಡವುವುದು ಹೆಚ್ಚು, ಯಾಕೆಂದರೆ ಸ್ಲೈಡಿನಲ್ಲಿ ಎಲ್ಲವನ್ನೂ ಎಲ್ಲಿ ಬೇಕಾದರೂ ಇಡಬಹುದು.

ಖಾಲಿ ಸ್ಲೈಡ್ ತೆಗೆದು ಟೆಕ್ಸ್ಟ್ ಬಾಕ್ಸ್ ಎಳೆಯುವ ಅಭ್ಯಾಸ ಬಿಡಿ. 'ಲೇಔಟ್' ಪಟ್ಟಿಯಿಂದ ಹೊಂದುವ ವಿನ್ಯಾಸ ಆರಿಸಿ, ಅದರಲ್ಲಿರುವ ಶೀರ್ಷಿಕೆ ಮತ್ತು ಪಠ್ಯದ ಚೌಕಟ್ಟಿನೊಳಗೇ ಬರೆಯಿರಿ. ಸರಿಯಾಗಿದೆಯೇ ಎಂದು ತಿಳಿಯಲು ವ್ಯೂ → ಔಟ್‌ಲೈನ್ ವ್ಯೂ ತೆರೆಯಿರಿ. ಅಲ್ಲಿ ಕಾಣದ ಪಠ್ಯ ಟೆಕ್ಸ್ಟ್ ಬಾಕ್ಸಿನಲ್ಲಿದೆ ಎಂದರ್ಥ. ಶೀರ್ಷಿಕೆಯ ಜಾಗ ಖಾಲಿ ಕಂಡರೆ ಆ ಸ್ಲೈಡಿಗೆ ಹೆಸರಿಲ್ಲ. 35 ಸ್ಲೈಡಿಗೂ ಬೇರೆ ಬೇರೆ ಶೀರ್ಷಿಕೆ ಕೊಡಿ. ಒಂದೇ ವಿಷಯ ಮೂರು ಸ್ಲೈಡಿಗೆ ಹರಡಿದ್ದರೆ 'ನೋಂದಣಿ: ದಾಖಲೆಗಳು', 'ನೋಂದಣಿ: ಗಡುವು' ಎಂದು ಬಿಡಿಸಿ ಬರೆಯಿರಿ. ಕಣ್ಣಿಗೆ ಶೀರ್ಷಿಕೆ ಕಾಣಬಾರದು ಅನ್ನುವ ಪೂರ್ಣಚಿತ್ರದ ಸ್ಲೈಡಿದ್ದರೆ ಸೆಲೆಕ್ಷನ್ ಪೇನ್‌ನಲ್ಲಿ ಶೀರ್ಷಿಕೆಯ ಎದುರಿನ ಕಣ್ಣಿನ ಗುರುತು ಒತ್ತಿ ಮರೆಮಾಡಿ. ಅಳಿಸಬೇಡಿ.

ಓದುವ ಕ್ರಮ ಮುಖ್ಯ. ಆಲ್ಟ್ + ಎಫ್10 ಒತ್ತಿದರೆ ಸೆಲೆಕ್ಷನ್ ಪೇನ್ ತೆರೆಯುತ್ತದೆ. ಅಲ್ಲಿನ ಪಟ್ಟಿ ಕೆಳಗಿನಿಂದ ಮೇಲಕ್ಕೆ ಓದುತ್ತದೆ: ಎಲ್ಲಕ್ಕಿಂತ ಕೆಳಗಿರುವುದು ಮೊದಲು, ಹಾಗಾಗಿ ಶೀರ್ಷಿಕೆ ತಳದಲ್ಲಿರಬೇಕು. ಹೊಸ ಆವೃತ್ತಿಗಳ 'ರೀಡಿಂಗ್ ಆರ್ಡರ್' ಪೇನ್ ಇದಕ್ಕೆ ತದ್ವಿರುದ್ಧ, ಅಲ್ಲಿ ಮೇಲಿನಿಂದ ಕೆಳಕ್ಕೆ. ಎರಡನ್ನೂ ಒಂದೇ ಎಂದುಕೊಂಡು ಜೋಡಿಸಿದರೆ ಇಡೀ ಕ್ರಮ ತಲೆಕೆಳಗಾಗುತ್ತದೆ. ಬಾಣದ ಗುರುತು, ಅಲಂಕಾರದ ಗೆರೆ, ಲೋಗೋ ಇಂಥವನ್ನು 'ಮಾರ್ಕ್ ಆ್ಯಸ್ ಡೆಕೊರೇಟಿವ್' ಮಾಡಿ. ಎಲ್ಲ ಸ್ಲೈಡಿಗೂ ಬರುವ ಲೋಗೋವನ್ನು ಸ್ಲೈಡ್ ಮಾಸ್ಟರಿನಲ್ಲಿಟ್ಟರೆ ಪ್ರತಿ ಸಲ ಅದರ ಹೆಸರು ಕೇಳುವುದು ತಪ್ಪುತ್ತದೆ.

ಹತ್ತು ಪೆಟ್ಟಿಗೆ, ಒಂಬತ್ತು ಬಾಣ ಇರುವ ಹರಿವಿನ ಚಿತ್ರಕ್ಕೆ ಹತ್ತೊಂಬತ್ತು ಆಲ್ಟ್ ಟೆಕ್ಸ್ಟ್ ಬರೆದು ಪ್ರಯೋಜನವಿಲ್ಲ. ಎಲ್ಲ ಆರಿಸಿ ಗುಂಪು ಮಾಡಿ, ಗುಂಪಿಗೆ ಒಂದೇ ಆಲ್ಟ್ ಟೆಕ್ಸ್ಟ್ ಕೊಡಿ. 'ಫ್ಲೋಚಾರ್ಟ್ ಚಿತ್ರ' ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. 'ಅರ್ಜಿ ಬಂದಮೇಲೆ ದಾಖಲೆ ಪರಿಶೀಲನೆ. ಸರಿಯಿದ್ದರೆ ಮಂಜೂರಾತಿಗೆ, ಕೊರತೆಯಿದ್ದರೆ ಅರ್ಜಿದಾರರಿಗೆ ವಾಪಸ್. ಹಂತಗಳ ವಿವರ ಮುಂದಿನ ಸ್ಲೈಡಿನಲ್ಲಿ' ಎಂದು ಬರೆದರೆ ಚಿತ್ರ ಹೇಳುವುದಷ್ಟೂ ತಲುಪಿತು. ಹಂತಗಳನ್ನು ಮುಂದಿನ ಸ್ಲೈಡಿನಲ್ಲಿ ಸಂಖ್ಯೆಯ ಪಟ್ಟಿಯಾಗಿ ಕೊಡಿ. ಗ್ರಾಫ್ ಆಗಿದ್ದರೆ ಆಲ್ಟ್ ಟೆಕ್ಸ್ಟಿನಲ್ಲಿ ಏರಿತೋ ಇಳಿಯಿತೋ ಎಂಬ ತಾತ್ಪರ್ಯ, ಅಂಕಿಗಳಿಗೆ ಪ್ರತ್ಯೇಕ ಕೋಷ್ಟಕ. ಪವರ್‌ಪಾಯಿಂಟ್ ತಾನೇ ಊಹಿಸಿ ತುಂಬುವ ಆಲ್ಟ್ ಟೆಕ್ಸ್ಟನ್ನು ಹಾಗೇ ಬಿಡಬೇಡಿ.

ಹಂಚುವಾಗ ಪಿಪಿಎಸ್‌ಎಕ್ಸ್ ಬೇಡ. ಅದು ನೇರ ಪ್ರದರ್ಶನಕ್ಕೇ ತೆರೆಯುತ್ತದೆ, ಔಟ್‌ಲೈನ್, ನೋಟ್ಸ್ ಸುಲಭಕ್ಕೆ ಸಿಗುವುದಿಲ್ಲ. ತಾನಾಗಿ ಸ್ಲೈಡ್ ಬದಲಾಗುವ ಸಮಯದ ಗುರುತು ತೆಗೆಯಿರಿ, ಓದು ಅರ್ಧಕ್ಕಿರುವಾಗ ಸ್ಲೈಡ್ ಓಡಿಹೋಗುತ್ತದೆ.

ಕಿರುತೆರೆ

ಸ್ಲೈಡುಗಳ ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಹಾಕುವುದು ಈಗ ಮಾಮೂಲಾಗಿದೆ. ಅದರಲ್ಲಿ ಅಕ್ಷರ ಅನ್ನುವುದೇ ಇಲ್ಲ, ಬರೀ ಚಿತ್ರ. ದಯವಿಟ್ಟು ಬೇಡ. ಫೋನಿಗೆ ಪಿಪಿಟಿಎಕ್ಸ್ ಭಾರ ಅನ್ನಿಸಿದರೆ ಏನು ಕೊಡಬಹುದು?

ಸ್ಲೈಡುಗಾರ್ತಿ

ಪವರ್‌ಪಾಯಿಂಟ್‌ನಲ್ಲಿ ಫೈಲ್ → ಎಕ್ಸ್‌ಪೋರ್ಟ್ → ಕ್ರಿಯೇಟ್ ಹ್ಯಾಂಡ್‌ಔಟ್ಸ್ → 'ಔಟ್‌ಲೈನ್ ಓನ್ಲಿ' ಆರಿಸಿ. ಸ್ಲೈಡಿನ ಪಠ್ಯ ಮಾತ್ರ ವರ್ಡ್‌ಗೆ ಹೋಗುತ್ತದೆ. ಟೆಕ್ಸ್ಟ್ ಬಾಕ್ಸಿನ ಮಾತು, ಚಿತ್ರಗಳ ವಿವರಣೆ ಅದರಲ್ಲಿ ಬರುವುದಿಲ್ಲ, ಅವನ್ನು ಕೈಯಾರೆ ಸೇರಿಸಿ. ಸ್ಲೈಡಿನಲ್ಲಿ ನಾಲ್ಕು ಪದ ಬರೆದು ಉಳಿದದ್ದನ್ನು ಬಾಯಲ್ಲಿ ಹೇಳುವವರಾದರೆ ಆ ಮಾತನ್ನು ನೋಟ್ಸ್‌ನಲ್ಲಿ ಬರೆದಿಟ್ಟು ಇದಕ್ಕೆ ಸೇರಿಸಿದರೆ ಒಳ್ಳೆಯ ಕೈಪಿಡಿಯೇ ಆಗುತ್ತದೆ. ಸಭೆಗೆ ಬಾರದವರಿಗೂ ಅದೇ ಹೆಚ್ಚು ಉಪಯೋಗ.

ದೊಡ್ಡಕ್ಷರ

ಎಲ್ಲರೂ ಸ್ಕ್ರೀನ್ ರೀಡರ್ ಕಡೆ ನೋಡುತ್ತಿದ್ದೀರಿ. ಮಂದದೃಷ್ಟಿಯವರ ಅಗತ್ಯ ಬೇರೆ. ಎ4 ಪಿಡಿಎಫ್ ಅನ್ನು ಫೋನಿನಲ್ಲಿ 300 ಶೇಕಡಾ ಹಿಗ್ಗಿಸಿದರೆ ಪ್ರತಿ ಸಾಲಿಗೂ ಎಡದಿಂದ ಬಲಕ್ಕೆ, ಮತ್ತೆ ಬಲದಿಂದ ಎಡಕ್ಕೆ ಎಳೆಯಬೇಕು. ಹತ್ತು ನಿಮಿಷಕ್ಕೆ ಕಣ್ಣು, ಕತ್ತು ಎರಡೂ ಸೋಲುತ್ತವೆ. ಎಚ್‌ಟಿಎಂಎಲ್, ಇಪಬ್‌ಗಳಲ್ಲಿ ಅಕ್ಷರ ದೊಡ್ಡದಾದಂತೆ ಸಾಲು ತಾನೇ ಮಡಚಿಕೊಳ್ಳುತ್ತದೆ, ಹಿನ್ನೆಲೆ ಕಪ್ಪು ಮಾಡಿಕೊಳ್ಳಬಹುದು, ಸಾಲಿನ ನಡುವಿನ ಅಂತರವನ್ನೂ ಬದಲಿಸಬಹುದು. 40 ಪುಟದ ಟಿಪ್ಪಣಿಗೆ ಇಪಬ್ ಅತ್ಯುತ್ತಮ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಡೈಸಿ ಕನ್ಸಾರ್ಟಿಯಮ್‌ನವರ 'ವರ್ಡ್‌ಟುಇಪಬ್' ಉಚಿತ. ಹೆಡಿಂಗ್ ಸ್ಟೈಲ್ ಹಾಕಿದ ಡಾಕ್ಸ್‌ಎಕ್ಸ್ ಕೊಟ್ಟರೆ ಅಧ್ಯಾಯಗಳ ಪಟ್ಟಿ ಸಮೇತ ಇಪಬ್ ಬರುತ್ತದೆ. ಕಂಪ್ಯೂಟರಿನಲ್ಲಿ ಓದಲು ಥೋರಿಯಮ್ ರೀಡರ್ ಇದೆ, ಅದೂ ಉಚಿತ.

ಬಣ್ಣ: ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಬೆಳಕಿನ ವ್ಯತ್ಯಾಸ) ಬೇಕು, 18 ಪಾಯಿಂಟ್ ಮೇಲ್ಪಟ್ಟ ಅಥವಾ 14 ಪಾಯಿಂಟ್ ದಪ್ಪ ಅಕ್ಷರಕ್ಕೆ 3:1. ಇದು ಡಬ್ಲ್ಯುಸಿಎಜಿ ಎಂಬ ಜಾಲತಾಣ ಸುಗಮತೆಯ ಮಾರ್ಗಸೂಚಿಯ ಎಎ ಮಟ್ಟದ ನಿಯಮ. ಬಿಳಿಯ ಮೇಲೆ #767676 ಬೂದು ಬಣ್ಣ ತೇರ್ಗಡೆಯಾಗುತ್ತದೆ, #777777 ಕೂದಲೆಳೆಯಲ್ಲಿ ಬೀಳುತ್ತದೆ. ಪ್ರೊಜೆಕ್ಟರಿನಲ್ಲಿ ಬಣ್ಣ ಇನ್ನೂ ತೆಳುವಾಗುವುದರಿಂದ ಸ್ಲೈಡಿಗೆ ಈ ಅಂಚಿನ ಲೆಕ್ಕ ನೆಚ್ಚಬೇಡಿ, ಕಡುಬಣ್ಣವನ್ನೇ ಬಳಸಿ. 'ಕೆಂಪಿನಲ್ಲಿರುವುದು ಕಡ್ಡಾಯ' ಎಂದು ಬಣ್ಣದ ಮೇಲಷ್ಟೇ ಹೊರೆ ಹಾಕಬೇಡಿ, ಪಕ್ಕದಲ್ಲಿ 'ಕಡ್ಡಾಯ' ಎಂಬ ಪದವೂ ಇರಲಿ. ಸ್ಲೈಡಿನ ಪಠ್ಯ 24 ಪಾಯಿಂಟ್‌ಗಿಂತ ಕೆಳಗೆ ಬೇಡ. ಕನ್ನಡಕ್ಕೆ ಕೆಳಗಿನ ಒತ್ತುಗಳಿಗೂ ಜಾಗ ಬೇಕಾದ್ದರಿಂದ ಸಾಲಿನ ಅಂತರ ಧಾರಾಳವಾಗಿರಲಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಎರಡೂ ಅಂಚಿಗೆ ಎಳೆದು ಹೊಂದಿಸುವ ಜಸ್ಟಿಫೈ ಬಿಟ್ಟು ಎಡಕ್ಕೆ ಹೊಂದಿಸಿ.

ಪಾಠಪಟ್ಟಿ

ಬಹಳ ಉಪಕಾರವಾಯಿತು. ಇನ್ನು ಎರಡು ಸಂದೇಹ. ಟಿಪ್ಪಣಿಯ ಎರಡು ಅಧ್ಯಾಯ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಆಗಿವೆ. ಅನುಬಂಧದ ಆರು ಪುಟ ಸ್ಕ್ಯಾನ್ ಪ್ರತಿ. ಇವನ್ನು ಏನು ಮಾಡಲಿ?

ಲಿಪಿಕಾರ

ಮೊದಲನೆಯದಕ್ಕೆ ಒಂದು ಸಣ್ಣ ಪರೀಕ್ಷೆ: ಆ ಪ್ಯಾರಾ ಆರಿಸಿ ಫಾಂಟನ್ನು ಏರಿಯಲ್ ಮಾಡಿ. ಕನ್ನಡ ಕನ್ನಡವಾಗೇ ಉಳಿದರೆ ಯೂನಿಕೋಡ್. ರೋಮನ್ ಅಕ್ಷರ, ಚಿಹ್ನೆಗಳ ರಾಶಿಯಾದರೆ ಅದು ಹಳೆಯ ಆಸ್ಕಿ ಸಂಕೇತ. ಸ್ಕ್ರೀನ್ ರೀಡರ್ ಓದುವುದು ಆ ರಾಶಿಯನ್ನೇ. ಪರಿವರ್ತಕದಿಂದ ಯೂನಿಕೋಡಿಗೆ ತನ್ನಿ. ತಂದಮೇಲೆ ಅರ್ಕಾವೊತ್ತು, ಅಂಕಿಗಳು, ಉದ್ಧರಣ ಚಿಹ್ನೆ, ನಡುವೆ ಬಂದ ಇಂಗ್ಲಿಷ್ ಪದ ಇವಿಷ್ಟನ್ನು ಬಿಡದೆ ನೋಡಿ. ಇಂಗ್ಲಿಷ್ ಪದವನ್ನೂ ಕನ್ನಡ ಸಂಕೇತ ಎಂದೇ ತಿಳಿದು ಪರಿವರ್ತಕ ವಿಚಿತ್ರ ಕನ್ನಡ ಮಾಡಿರುತ್ತದೆ. ಕೋಷ್ಟಕವಿರುವ ಫೈಲನ್ನು ಒಟ್ಟಿಗೆ ಹಾಕದೆ ಪಠ್ಯ ಬೇರೆ, ಕೋಷ್ಟಕ ಬೇರೆ ಮಾಡಿ ತಂದರೆ ಸೆಲ್‌ಗಳು ಕಲಸಿಹೋಗುವುದಿಲ್ಲ.

ಯೂನಿಕೋಡ್ ಆದಮೇಲೆ ಪಠ್ಯ ಆರಿಸಿ ರಿವ್ಯೂ → ಲ್ಯಾಂಗ್ವೇಜ್ → ಸೆಟ್ ಪ್ರೂಫಿಂಗ್ ಲ್ಯಾಂಗ್ವೇಜ್‌ನಲ್ಲಿ ಕನ್ನಡ ಹಾಕಿ. ಭಾಷೆ ಇಂಗ್ಲಿಷ್ ಎಂದೇ ಉಳಿದರೆ ಇಂಗ್ಲಿಷ್ ಧ್ವನಿ ಓದಲು ಹೊರಟು ಕನ್ನಡವನ್ನು ಸದ್ದಿಲ್ಲದೆ ದಾಟಿಹೋಗಬಹುದು. ಎನ್‌ವಿಡಿಎ ಜೊತೆ ಬರುವ ಇಸ್ಪೀಕ್ ಎನ್‌ಜಿ ಎಂಬ ಧ್ವನಿ ತಂತ್ರಾಂಶಕ್ಕೆ ಕನ್ನಡ ಗೊತ್ತು, ಭಾಷೆಯ ಗುರುತು ಸರಿಯಿದ್ದರೆ ಧ್ವನಿ ತಾನೇ ಬದಲಾಗುತ್ತದೆ.

ಸ್ಕ್ಯಾನ್ ಪುಟ ಆರೇ ಆಗಿದ್ದರೆ ಮತ್ತೆ ಟೈಪ್ ಮಾಡುವುದೇ ವಾಸಿ. ಹೆಚ್ಚಿದ್ದರೆ 300 ಡಿಪಿಐಯಲ್ಲಿ, ಪುಟ ಓರೆಯಾಗದಂತೆ ಸ್ಕ್ಯಾನ್ ಮಾಡಿ ಟೆಸರಾಕ್ಟ್ ಮುಂತಾದ ಕನ್ನಡ ಬಲ್ಲ ಓಸಿಆರ್‌ಗೆ (ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ) ಕೊಡಿ. ಬಂದ ಪಠ್ಯವನ್ನು ಮೂಲದೊಂದಿಗೆ ಸಾಲುಸಾಲಾಗಿ ತಾಳೆ ನೋಡಬೇಕು. ಪ ಮತ್ತು ಷ, ಹ್ರಸ್ವ ಮತ್ತು ದೀರ್ಘ, 0 ಮತ್ತು ಅನುಸ್ವಾರ ಅದಲುಬದಲಾಗುವುದು ಹೆಚ್ಚು. ಅಂಕಿಗಳಿರುವ ಪುಟದಲ್ಲಿ ಈ ತಪ್ಪು ದುಬಾರಿ.

ಬಿಳಿಕೋಲು

ಕಳಿಸುವ ಮುಂಚೆ ರಿವ್ಯೂ → ಚೆಕ್ ಆಕ್ಸೆಸಿಬಿಲಿಟಿ ಒಮ್ಮೆ ಓಡಿಸಿ. ಆಮೇಲೆ ಎನ್‌ವಿಡಿಎ ಹಾಕಿಕೊಂಡು, ಪರದೆ ನೋಡದೆ, ಮೂರು ಕೆಲಸ ಮಾಡಿ: ಇನ್ಸರ್ಟ್ + ಎಫ್7 ಒತ್ತಿ ಶೀರ್ಷಿಕೆಗಳ ಪಟ್ಟಿ ಕೇಳಿ, ಟಿ ಒತ್ತಿ ಒಂದು ಕೋಷ್ಟಕಕ್ಕೆ ಹೋಗಿ ಕಂಟ್ರೋಲ್ + ಆಲ್ಟ್ + ಬಾಣದ ಕೀಲಿಯಿಂದ ಸೆಲ್ ಸೆಲ್ ದಾಟಿ, ಜಿ ಒತ್ತಿ ಚಿತ್ರಗಳ ವಿವರಣೆ ಕೇಳಿ. ವರ್ಡ್‌ನಲ್ಲಿ ಈ ಒಂಟಿ ಅಕ್ಷರದ ಕೀಲಿಗಳು ನಡೆಯಬೇಕಾದರೆ ಮೊದಲು ಎನ್‌ವಿಡಿಎ + ಸ್ಪೇಸ್ ಒತ್ತಿ ಬ್ರೌಸ್ ಮೋಡಿಗೆ ಹೋಗಿ, ಇಲ್ಲವಾದರೆ ಟಿ, ಜಿ ಎಂದು ಫೈಲಿನಲ್ಲೇ ಅಚ್ಚಾಗುತ್ತವೆ.

ಇಮೇಲಿನಲ್ಲಿ ಎಚ್‌ಟಿಎಂಎಲ್ ಫೈಲ್ ಲಗತ್ತಿಸಿದರೆ ಕೆಲವು ಕಡೆ ಸುರಕ್ಷತೆಯ ಕಾರಣಕ್ಕೆ ತಡೆದುಬಿಡುತ್ತಾರೆ, ಹಾಗಾಗಿ ಅದನ್ನು ಲಿಂಕ್ ಆಗಿ ಕೊಡಿ. ಲಿಂಕಿನ ಪಠ್ಯ 'ಇಲ್ಲಿ ಒತ್ತಿ' ಎಂದಿರಬಾರದು, 'ತರಬೇತಿ ಟಿಪ್ಪಣಿ, ಇಪಬ್, 3 ಎಂಬಿ' ಎಂದಿರಲಿ. ಇಪಬ್, ಡಾಕ್ಸ್‌ಎಕ್ಸ್, ಪಿಡಿಎಫ್ ಮೂರಕ್ಕೂ ಒಂದೇ ಹೆಸರು, ಒಂದೇ ಆವೃತ್ತಿ ಸಂಖ್ಯೆ ಇಡಿ. ತಿದ್ದುಪಡಿ ಬಂದಾಗ ಡಾಕ್ಸ್‌ಎಕ್ಸ್ ತಿದ್ದಿ ಉಳಿದೆರಡನ್ನು ಅದರಿಂದಲೇ ಮತ್ತೆ ತೆಗೆಯಿರಿ. ಪಿಡಿಎಫ್‌ನಲ್ಲಿ ನೇರ ತಿದ್ದಿದರೆ ಸ್ಕ್ರೀನ್ ರೀಡರಿನವರ ಕೈಯಲ್ಲಿ ಹಳೆಯ ಪ್ರತಿಯೇ ಉಳಿಯುತ್ತದೆ.

ಪಾಠಪಟ್ಟಿ

ಸ್ಲೈಡಿನಲ್ಲಿ ಎರಡು ನಿಮಿಷದ ವಿಡಿಯೋ ಒಂದಿದೆ. ಅದಕ್ಕೆ?

ಸ್ಲೈಡುಗಾರ್ತಿ

ಮಾತಿಗೆ ಕ್ಯಾಪ್ಶನ್ (ಪರದೆಯ ಮೇಲೆ ಬರುವ ಅಡಿಬರಹ) ಸಾಲುಗಳನ್ನು ವೆಬ್‌ವಿಟಿಟಿ (ಸಮಯದ ಗುರುತಿರುವ ಪಠ್ಯ) ಫೈಲಾಗಿ ಮಾಡಿಕೊಳ್ಳಿ. ಹೊಸ ಪವರ್‌ಪಾಯಿಂಟ್‌ನಲ್ಲಿ ವಿಡಿಯೋ ಆರಿಸಿ ಪ್ಲೇಬ್ಯಾಕ್ → ಇನ್ಸರ್ಟ್ ಕ್ಯಾಪ್ಶನ್ಸ್‌ನಿಂದ ಸೇರಿಸಬಹುದು. ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿ, ಇಲ್ಲವಾದರೆ ಕನ್ನಡದ ಬದಲು ಚೌಕಗಳೋ ಪ್ರಶ್ನೆ ಚಿಹ್ನೆಗಳೋ ಬರುತ್ತವೆ. ಮಾತಿಲ್ಲದೆ ತೋರಿಸುವ ದೃಶ್ಯವಿದ್ದರೆ ಅದರಲ್ಲಿ ಏನು ನಡೆಯುತ್ತದೆಂದು ನೋಟ್ಸ್‌ನಲ್ಲಿ ಬರೆಯಿರಿ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗುವ ದೃಶ್ಯ ಇದ್ದರೆ ಆ ಭಾಗ ಕತ್ತರಿಸಿ, ಕೆಲವರಿಗೆ ಅದು ಮೂರ್ಛೆ ತರಿಸಬಹುದು. ಸ್ಲೈಡ್ ತೆರೆದ ಕೂಡಲೇ ವಿಡಿಯೋ ಓಡದಂತೆ 'ಆನ್ ಕ್ಲಿಕ್' ಇಡಿ, ಇಲ್ಲವಾದರೆ ವಿಡಿಯೋದ ಸದ್ದು ಸ್ಕ್ರೀನ್ ರೀಡರಿನ ದನಿಯ ಮೇಲೆ ಬೀಳುತ್ತದೆ.